ಲಿನಕ್ಸ್ ಫೋನ್: ಮೂಗುದಾರ ಯಾರ ಕೈಯಲ್ಲಿ?

‘ಆಂಡ್ರಾಯ್ಡ್ ಕೂಡ ಲಿನಕ್ಸೇ ಅಲ್ಲವೇ, ಮತ್ತೆ ಬೇರೆ ಲಿನಕ್ಸ್ ಫೋನ್ ಯಾಕೆ?’ ಈ ವಿಷಯ ಓದಲು ಕೂತವರಿಗೆಲ್ಲ ಮೊದಲು ಎದುರಾಗುವ ಪ್ರಶ್ನೆ ಇದು. ಆಂಡ್ರಾಯ್ಡ್‌ನ ತಳದಲ್ಲಿರುವುದು ಲಿನಕ್ಸ್ ಕರ್ನಲ್ (ಯಂತ್ರಾಂಶವನ್ನು ನೇರವಾಗಿ ನಡೆಸುವ ತಿರುಳು) ಎಂಬುದು ನಿಜ. ಆದರೆ ಆ ಅಡಿಪಾಯದ ಮೇಲೆ ಎದ್ದಿರುವ ಮನೆಯೇ ಬೇರೆ. ಪ್ರೋಗ್ರಾಂಗಳು ಕರ್ನಲ್ ಜೊತೆ ಮಾತಾಡಲು ನೆಚ್ಚುವ ಸಿ ಲೈಬ್ರರಿ ಅಲ್ಲಿ ಬಯೋನಿಕ್ ಎಂಬ ಬೇರೆಯದೇ. ಡೆಬಿಯನ್‌ನಂಥ ಕಂಪ್ಯೂಟರಿನ ಲಿನಕ್ಸ್ ವ್ಯವಸ್ಥೆಗೆಂದು ಕಟ್ಟಿದ ಪ್ರೋಗ್ರಾಂ ಅಲ್ಲಿ ಹಾಗೆಯೇ ಓಡುವುದಿಲ್ಲ. ಕಂಪ್ಯೂಟರಿನಲ್ಲಿ ಬಳಸುವ ಅದೇ ಲಿನಕ್ಸ್ ವ್ಯವಸ್ಥೆಯನ್ನು, ತಂತ್ರಾಂಶ ಹಾಕಿ ತೆಗೆಯುವ ಅದೇ ಪ್ಯಾಕೇಜ್ ಮ್ಯಾನೇಜರ್ ಸಮೇತ, ಚಿಕ್ಕ ಪರದೆಗೆ ಒಗ್ಗಿಸಿಕೊಂಡ ಫೋನನ್ನು ಮಾತ್ರ ಇಲ್ಲಿ ಲಿನಕ್ಸ್ ಫೋನ್ ಎನ್ನುತ್ತೇನೆ.

ಈ ಆಸೆ ಹಳೆಯದು. 2007ರಲ್ಲಿ ಓಪನ್‌ಮೋಕೋದ ನಿಯೋ 1973 ಬಂತು, 2009ರಲ್ಲಿ ನೋಕಿಯಾ ಎನ್900. 2017ರಲ್ಲಿ ಉಬುಂಟು ಲಿನಕ್ಸ್ ತರುವ ಕೆನಾನಿಕಲ್ ಕಂಪನಿ ತನ್ನ ಉಬುಂಟು ಫೋನಿನ ಕೆಲಸ ನಿಲ್ಲಿಸಿತು. ಯುಬಿಪೋರ್ಟ್ಸ್ ಸಮುದಾಯ ಅದನ್ನು ಎತ್ತಿಕೊಂಡು ಇಂದಿಗೂ ಸಾಕುತ್ತಿದೆ.

ಪರೀಕ್ಷೆಗೆ ಬರಲಿ ಬಿಡಲಿ, ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕಾದ ಸಂಗತಿ ಕರ್ನಲ್‌ನ ವಯಸ್ಸು. ಚಿಪ್ ತಯಾರಕರು ಒಂದು ಹೊತ್ತಿನ ಕರ್ನಲ್ಲನ್ನು ತೆಗೆದುಕೊಂಡು, ತಮ್ಮ ಚಿಪ್ಪಿಗೆ ಬೇಕಾದ ತೇಪೆಗಳನ್ನೆಲ್ಲ (ಪ್ಯಾಚ್, ಅಂದರೆ ಕೋಡಿನ ಬದಲಾವಣೆ) ಹಾಕಿ ಫೋನ್ ಕಂಪನಿಗೆ ಕೊಡುತ್ತಾರೆ. ತೇಪೆ ಎಷ್ಟಿರುತ್ತದೆಂದರೆ, ಮೂಲ ಕರ್ನಲ್ ಮುಂದೆ ಹೋದರೂ ಇದು ಹಿಂದೆಯೇ ಉಳಿದುಬಿಡುತ್ತದೆ. ತಯಾರಕರು ಆ ಚಿಪ್ಪಿನ ಕೈಬಿಟ್ಟ ದಿನ, ಗಾಜು ಒಡೆಯದ, ಬ್ಯಾಟರಿ ಕೆಡದ ಫೋನೂ ಮುದಿಯಾಗುತ್ತದೆ. ಚಿಪ್ಪನ್ನು ನಡೆಸುವ ಚಾಲಕ ತಂತ್ರಾಂಶವನ್ನು (ಡ್ರೈವರ್) ಮೂಲ ಕರ್ನಲ್‌ಗೇ ಸೇರಿಸುವುದು ಇದಕ್ಕೆ ಮದ್ದು. ಮೇನ್‌ಲೈನ್ ಎನ್ನುವುದು ಇದನ್ನೇ. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್ ವ್ಯವಸ್ಥೆಯನ್ನು ಆಧರಿಸಿದ ಪೋಸ್ಟ್‌ಮಾರ್ಕೆಟ್‌ಓಎಸ್ 2017ರಲ್ಲಿ ಹೊರಟಿದ್ದೇ ಫೋನಿಗೆ ಹತ್ತು ವರ್ಷದ ಆಯುಸ್ಸು ಕೊಡುವ ಗುರಿಯಿಂದ.

ಈಗ ಒಂದು ಲಿನಕ್ಸ್ ಫೋನನ್ನು, ಪೈನ್64 ಕಂಪನಿಯ ಪೈನ್‌ಫೋನನ್ನು, ಬಿಚ್ಚಿ ನೋಡೋಣ. ಪೈನ್‌ಫೋನಿನ ಹಿಂಬದಿಯ ಮುಚ್ಚಳವನ್ನು ಉಗುರಿನಲ್ಲೇ ಎಬ್ಬಿಸಬಹುದು. ಒಳಗೆ ಕೈಯಿಂದ ತೆಗೆಯಬಹುದಾದ ಬ್ಯಾಟರಿ, ಪಕ್ಕದಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಆರು ಸ್ವಿಚ್ಚುಗಳ ಸಾಲು: ಮೋಡೆಮ್, ವೈಫೈ ಮತ್ತು ಬ್ಲೂಟೂತ್, ಮೈಕ್, ಹಿಂದಿನ ಕ್ಯಾಮೆರಾ, ಮುಂದಿನ ಕ್ಯಾಮೆರಾ, ಹೆಡ್‌ಫೋನ್. ಮೈಕಿನ ಸ್ವಿಚ್ಚು ಆಫ್ ಮಾಡಿದರೆ ಯಾವ ಆ್ಯಪ್ ಎಷ್ಟು ಅನುಮತಿ ಬೇಡಿದರೂ ಅದಕ್ಕೆ ಫೋನಿನ ಮೈಕಿನಿಂದ ಕೇಳಿಸುವುದು ಮೌನವೇ. ನನಗೆ ಪ್ರಿಯವಾದದ್ದು ಆರನೆಯದು. ಅದನ್ನು ಆಫ್ ಮಾಡಿದರೆ ಹೆಡ್‌ಫೋನ್ ತೂತು ಸೀರಿಯಲ್ ಪೋರ್ಟ್ (ತಂತಿಯಲ್ಲಿ ಕಂಪ್ಯೂಟರಿಗೆ ಅಕ್ಷರ ಕಳಿಸುವ ಕಿಂಡಿ) ಆಗುತ್ತದೆ. ಫೋನ್ ಬೂಟ್ ಆಗುವಾಗ ಹೇಳಿಕೊಳ್ಳುವ ಗೋಳನ್ನೆಲ್ಲ ಕಂಪ್ಯೂಟರಿನಲ್ಲಿ ಓದಬಹುದು. ಇನ್ನೊಂದು ಗುಣ: ಮೆಮೊರಿ ಕಾರ್ಡ್ ಹಾಕಿದ್ದರೆ ಫೋನ್ ಮೊದಲು ಅದರಿಂದಲೇ ಎದ್ದೇಳುತ್ತದೆ. ಹೊಸ ವ್ಯವಸ್ಥೆ ಹಿಡಿಸದಿದ್ದರೆ ಕಾರ್ಡ್ ಕಿತ್ತರಾಯಿತು. ವ್ಯವಸ್ಥೆಯನ್ನು ಎಬ್ಬಿಸುವ ಬೂಟ್‌ಲೋಡರ್‌ಗೆ ಬೀಗ ಜಡಿದ ಫೋನಿನೊಂದಿಗೆ ಗುದ್ದಾಡಿದವರಿಗೆ ಇದರ ಸುಖ ಗೊತ್ತಾಗುತ್ತದೆ.

ಹಾಗೆಂದು ಎಲ್ಲವೂ ತೆರೆದಿದೆ ಎಂದು ಬರೆದರೆ ಅಂಕ ಕಳೆಯಬೇಕು. ಮೊಬೈಲ್ ಜಾಲದೊಡನೆ ಮಾತಾಡುವ ಮೋಡೆಮ್‌ಗೆ ತನ್ನದೇ ಪ್ರೊಸೆಸರ್, ತನ್ನದೇ ಮುಚ್ಚಿದ ತಂತ್ರಾಂಶ ಇರುತ್ತದೆ. ಪ್ಯೂರಿಸಂ ಕಂಪನಿಯ ಲಿನಕ್ಸ್ ಫೋನ್ ಲಿಬ್ರೆಮ್ 5 ಆಗಲಿ ಪೈನ್‌ಫೋನ್ ಆಗಲಿ, ಆ ತಂತ್ರಾಂಶದ ಮೂಗುದಾರ ತಯಾರಕರ ಕೈಯಲ್ಲೇ ಇದೆ. ವ್ಯತ್ಯಾಸವಿರುವುದು ಜೋಡಣೆಯಲ್ಲಿ. ಇವೆರಡರಲ್ಲೂ ಮೋಡೆಮ್ ಪ್ರತ್ಯೇಕ ಭಾಗವಾಗಿ ಯುಎಸ್‌ಬಿ ಮೂಲಕ ಕೂಡಿಕೊಂಡಿದೆ, ಮುಖ್ಯ ಪ್ರೊಸೆಸರ್‌ನ ಚಿಪ್ಪಿನೊಳಗೆ ಕೂತಿಲ್ಲ. ನಂಬಲಾಗದ ಅತಿಥಿಯನ್ನು ಜಗಲಿಯಲ್ಲೇ ಕೂರಿಸಿದ ಹಾಗೆ. ಬೇಡವಾದಾಗ ಸ್ವಿಚ್ಚಿನಿಂದ ಹೊರಗೂ ಕಳಿಸಬಹುದು.

ಬೆಲೆ ತೆರಬೇಕಾದದ್ದು ದಿನಬಳಕೆಯಲ್ಲಿ. ಲಿನಕ್ಸ್ ಒಳಗೆ ಆಂಡ್ರಾಯ್ಡ್ ಓಡಿಸುವ ವೇಡ್ರಾಯ್ಡ್ ಮೂಲಕ ಅನೇಕ ಆಂಡ್ರಾಯ್ಡ್ ಆ್ಯಪ್‌ಗಳು ಓಡುತ್ತವೆ, ಆದರೆ ಸಾಧನದ ಸಾಚಾತನ ಪರೀಕ್ಷಿಸುವ ಬ್ಯಾಂಕಿನ ಆ್ಯಪ್ ಬಾಗಿಲಲ್ಲೇ ತಡೆಯಬಹುದು. ಕ್ಯಾಮೆರಾದ ಬಗ್ಗೆ ಹೆಚ್ಚು ಹೇಳದಿರುವುದೇ ಮರ್ಯಾದೆ. ಬ್ಯಾಟರಿಯದು ಮಾತ್ರ ಓದಲು ತಕ್ಕ ಕಥೆ: ಚಾರ್ಜ್ ಉಳಿಯಬೇಕಾದರೆ ಮುಖ್ಯ ಪ್ರೊಸೆಸರ್ ನಿದ್ದೆಗೆ ಜಾರಬೇಕು, ಮೋಡೆಮ್ ಎಚ್ಚರವಾಗಿದ್ದು ಕರೆ ಬಂದಾಗ ಅದನ್ನು ಎಬ್ಬಿಸಬೇಕು. ಎಬ್ಬಿಸುವಷ್ಟರಲ್ಲಿ ಆ ಕಡೆಯವರು ನಾಲ್ಕು ರಿಂಗ್ ಕೇಳಿ ಇಟ್ಟುಬಿಟ್ಟರೆ ನಮಗೆ ಸಿಗುವುದು ತಪ್ಪಿದ ಕರೆಯ ಲೆಕ್ಕ ಮಾತ್ರ.

ಆದ್ದರಿಂದ ಕಲಿಯುವವರು ಹೊಸ ಫೋನ್ ಕೊಳ್ಳುವ ಮೊದಲು, ಮೂಲೆಯಲ್ಲಿ ಬಿದ್ದಿರುವ ಹಳೆಯ ಫೋನಿಗೆ ಪೋಸ್ಟ್‌ಮಾರ್ಕೆಟ್‌ಓಎಸ್ ಬೆಂಬಲ ಇದೆಯೇ ನೋಡಿ. ಅದರ ವಿಕಿಯಲ್ಲಿ ಪ್ರತಿ ಸಾಧನಕ್ಕೂ ಯಾವ ಭಾಗ ಕೆಲಸ ಮಾಡುತ್ತದೆ ಎಂಬ ಪಟ್ಟಿ ಇರುತ್ತದೆ. ನಾನು ಮೊದಲು ಕಣ್ಣು ಹಾಯಿಸುವುದು ಕರೆಯ ಸಾಲಿಗೆ, ಜೊತೆಗೆ 4ಜಿ ಜಾಲದಲ್ಲೇ ಕರೆ ಮಾಡುವ ವೋಲ್ಟೆ ಇದೆಯೇ ಎಂಬುದಕ್ಕೆ. 2ಜಿ, 3ಜಿ ಎರಡನ್ನೂ ಮುಚ್ಚಿರುವ ಜಾಲದಲ್ಲಿ ವೋಲ್ಟೆ ಇಲ್ಲದ ಫೋನ್ ಸಿಮ್ ಹಾಕಿದ ಪುಟ್ಟ ಕಂಪ್ಯೂಟರ್ ಅಷ್ಟೇ; ಓದಿಗೆ ಅಷ್ಟು ಸಾಕು, ಜೇಬಿನಲ್ಲಿ ಇನ್ನೊಂದು ಫೋನ್ ಇರಲಿ.