ಮರ ಬಲಿಯುವ ತನಕ ಕಾಯುವವರು ಯಾರು? ನಾಟಾ ಉದ್ಯಮದ ಮೇಲೊಂದು ಟಿಪ್ಪಣಿ

ಪರೀಕ್ಷೆಯಲ್ಲಿ 'ಸುಸ್ಥಿರ ಮತ್ತು ಸ್ಪರ್ಧಾತ್ಮಕ ನಾಟಾ (ಮರಮುಟ್ಟು) ಉದ್ಯಮಕ್ಕೆ ಬೇಕಾದ ಕ್ರಮಗಳು' ಅಂತ ಪ್ರಶ್ನೆ ಬಂದರೆ ನಾವೆಲ್ಲ ಬರೆಯುವುದು ಒಂದೇ ಪಟ್ಟಿ. ಗಿಡ ನೆಡಬೇಕು, ಹೊಸ ಯಂತ್ರ ತರಬೇಕು, ಸರ್ಕಾರ ಪ್ರೋತ್ಸಾಹ ಕೊಡಬೇಕು. ತಪ್ಪೇನಲ್ಲ. ಆದರೆ ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಅನ್ನುವುದು ಪಟ್ಟಿಯಲ್ಲಿ ಕಾಣುವುದಿಲ್ಲ. ಹಾಗಾಗಿ ನಾನು ಈ ಪಾಠವನ್ನು ಒಂದೇ ಪ್ರಶ್ನೆ ಹಿಡಿದು ಓದಿದೆ: ಮರ ಬಲಿಯುವ ತನಕ ಕಾಯುವ ಭಾರ ಯಾರ ಮೇಲೆ ಬೀಳುತ್ತದೆ? ಈ ಪ್ರಶ್ನೆ ಕೈಯಲ್ಲಿದ್ದರೆ ಉಳಿದದ್ದೆಲ್ಲ ತಾನಾಗಿಯೇ ಜೋಡಿಸಿಕೊಳ್ಳುತ್ತದೆ.

ಮೊದಲು ಒಂದು ಸಣ್ಣ ಲೆಕ್ಕ. ಬಡ್ಡಿ ದರದಿಂದ 72ನ್ನು ಭಾಗಿಸಿದರೆ ಹಣ ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ ಅಂತ ಸಿಗುತ್ತದೆ. ಬಡ್ಡಿ ಶೇ 8 ಇದ್ದರೆ 9 ವರ್ಷ. ಒಂದು ಗಿಡಕ್ಕೆ ಇವತ್ತು 100 ರೂಪಾಯಿ ಹಾಕಿದೆವು ಅಂತಿಟ್ಟುಕೊಳ್ಳಿ. 9 ವರ್ಷಕ್ಕೆ ಅದು 200 ತರಬೇಕು. 18ಕ್ಕೆ 400, 27ಕ್ಕೆ 800. ತೇಗವನ್ನು 54 ವರ್ಷ ನಿಲ್ಲಿಸಿದರೆ ಸುಮಾರು 6,400 ತರಬೇಕು. ಅದಕ್ಕಿಂತ ಕಡಿಮೆ ಬಂದರೆ ಆ 100 ರೂಪಾಯಿಯನ್ನು ಬ್ಯಾಂಕಿನಲ್ಲಿ ಇಟ್ಟಿದ್ದೇ ವಾಸಿ ಅಂತಾಯಿತು. ಕೇರಳದ ನಿಲಂಬೂರಿನಲ್ಲಿ 1840ರ ದಶಕದಲ್ಲಿ ಬ್ರಿಟಿಷ್ ಕಲೆಕ್ಟರ್ ಕನೋಲಿ ತೇಗದ ತೋಪು ಮಾಡಿಸಿದ್ದು ಸರ್ಕಾರದ ದುಡ್ಡಿನಲ್ಲಿ. ಅಷ್ಟು ವರ್ಷ ಕಾಯಲು ಸರ್ಕಾರಕ್ಕೆ ಆಗುತ್ತದೆ. ಎರಡು ಎಕರೆ ಇರುವ ರೈತನಿಗೆ ಆಗುತ್ತದಾ?

ಕಾಯಬೇಕಿಲ್ಲದ ಕಾಲ

ಹಿಂದೆ ಉದ್ಯಮ ಈ ಭಾರ ಹೊರಲೇ ಇಲ್ಲ. ಕಾಡಿನಲ್ಲಿ ಬೆಳೆದು ನಿಂತಿದ್ದು ಅಗ್ಗಕ್ಕೆ ಸಿಗುತ್ತಿತ್ತು. ನಮ್ಮ ಉತ್ತರ ಕನ್ನಡದ್ದೇ ಉದಾಹರಣೆ ಇದೆ. ಅದು ನಾಟಾ ಅಲ್ಲ, ಬಿದಿರು. ಆದರೂ ಪಾಠ ಒಂದೇ. 1950ರ ದಶಕದಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಬಿದಿರು ಸಿಕ್ಕಿದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಕೊಡುತ್ತಿದ್ದ ಬೆಲೆ ಇದರ ಎಷ್ಟೋ ಪಟ್ಟು. ಕೆಲವೇ ವರ್ಷಗಳಲ್ಲಿ ಹತ್ತಿರದ ಬಿದಿರು ಮುಗಿಯುತ್ತಾ ಬಂತು. 1970ರ ದಶಕದಲ್ಲಿ ವಿಜ್ಞಾನಿ ಮಾಧವ ಗಾಡ್ಗೀಳ್ ಅಲ್ಲಿ ಅಧ್ಯಯನಕ್ಕೆ ಹೋದಾಗ ಒಂದು ಸಂಗತಿ ಹೊರಬಿತ್ತು. ಬಿದಿರು ಚೆನ್ನಾಗಿ ಬೆಳೆಯಲಿ, ಕಡಿಯಲು ಸುಲಭವಾಗಲಿ ಅಂತ ಬಿದಿರು ಕಡಿಸುವವರು ಮೆಳೆಯ ಬುಡದ ಮುಳ್ಳನ್ನು ಸವರಿ ತೆಗೆಯುತ್ತಿದ್ದರು. ಊರಿನವರು ಬೇರೆಯೇ ಹೇಳಿದರು. ಎಳೆಯ ಕಳಲೆಗೆ ಆ ಮುಳ್ಳೇ ಬೇಲಿ, ಅದು ಹೋದರೆ ದನ, ಕಾಡುಪ್ರಾಣಿ ಎಲ್ಲ ಮೇಯುತ್ತವೆ ಅಂತ. ಅಧ್ಯಯನದಲ್ಲಿ ಊರಿನವರ ಮಾತೇ ನಿಜವಾಯಿತು.

ಇಲ್ಲಿ ನೆನಪಿಡಬೇಕಾದ ಅಂಶ: ಕಚ್ಚಾ ಮಾಲಿಗೆ ಸರಿಯಾದ ಬೆಲೆ ಇಲ್ಲದಿದ್ದರೆ ಅದನ್ನು ಮತ್ತೆ ಬೆಳೆಸುವ ಗರಜು ಯಾರಿಗೂ ಇರುವುದಿಲ್ಲ.

1988ರ ರಾಷ್ಟ್ರೀಯ ಅರಣ್ಯ ನೀತಿ ಈ ದಾರಿಯನ್ನು ಮುಚ್ಚಿತು. ಉದ್ಯಮಕ್ಕೆ ಕಾಡಿನ ಮಾಲನ್ನು ರಿಯಾಯಿತಿ ದರದಲ್ಲಿ ಕೊಡಬಾರದು, ಬೇಕಾದ ಮರವನ್ನು ರೈತರ ಜೊತೆ ನೇರ ಸಂಬಂಧ ಇಟ್ಟುಕೊಂಡು ಬೆಳೆಸಿಕೊಳ್ಳಬೇಕು ಅಂತ ಹೇಳಿತು. ಆಮೇಲೆ ಕಾಡಿನ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶ. ಎಲ್ಲಿ ಎಷ್ಟು ಕಡಿಯಬೇಕು ಅಂತ ಹೇಳುವ, ಒಪ್ಪಿಗೆ ಪಡೆದ ಕಾರ್ಯಯೋಜನೆ ಇಲ್ಲದೆ ಕಾಡಿನಲ್ಲಿ ಮರ ಕಡಿಯುವುದು ನಿಂತಿತು. ಈಶಾನ್ಯದ ಪ್ಲೈವುಡ್ ಕಾರ್ಖಾನೆಗಳು ಎಷ್ಟೋ ಬಾಗಿಲು ಹಾಕಿದವು. ಉದ್ಯಮ ಹರಿಯಾಣದ ಯಮುನಾನಗರ, ಕೇರಳದ ಪೆರುಂಬಾವೂರಿನಂಥ ಕಡೆ ಬೆಳೆಯಿತು. ಯಾಕೆ ಅಲ್ಲೇ? ಆ ಎರಡೂ ಊರಿನ ಸುತ್ತ ಮರ ಇದ್ದದ್ದು ಕಾಡಿನಲ್ಲಲ್ಲ, ರೈತರ ಹೊಲ ತೋಟದಲ್ಲಿ. ಪರೀಕ್ಷೆಗೆ ಬರೆಯುವಾಗ ಈ ಕೊಂಡಿ ಬಿಡಬೇಡಿ.

ಅಲ್ಲಿಂದ ಮುಂದೆ ಕಾಯುವ ಭಾರ ರೈತನ ಹೆಗಲಿಗೆ ಬಂತು.

ನೆಟ್ಟವನಿಗೆ ಕಡಿಯುವ ಭರವಸೆ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಕ್ರಮ ಇದು. ಪಟ್ಟಿಗಳಲ್ಲಿ ಇದು ಕೊನೆಗೆ ಬರುತ್ತದೆ, ಅಥವಾ ಬರುವುದೇ ಇಲ್ಲ.

ಗಂಧದ ಮರ ನೋಡಿ. ಮೈಸೂರು ಸೀಮೆಯಲ್ಲಿ ಬಹಳ ಕಾಲ ಅದು ಸರ್ಕಾರದ ಸ್ವತ್ತು. ನಿಮ್ಮ ಹೊಲದಲ್ಲಿ ಹುಟ್ಟಿದರೂ ನಿಮ್ಮದಲ್ಲ. ಕಳುವಾದರೆ ಮಾತ್ರ ವಿಚಾರಣೆ ನಿಮ್ಮ ಮನೆ ಬಾಗಿಲಿಗೆ. ಹಕ್ಕಿ ಹಿಕ್ಕೆಯಿಂದ ಬದುವಿನ ಮೇಲೆ ಗಂಧದ ಸಸಿ ಎದ್ದರೆ ಜನ ಸದ್ದಿಲ್ಲದೆ ಕಿತ್ತು ಹಾಕುತ್ತಿದ್ದರು. 2001ರಲ್ಲಿ ಕಾನೂನು ತಿದ್ದುಪಡಿಯಾಗಿ ಜಮೀನಿನವರೇ ಮರದ ಒಡೆಯರಾದರು. ಆಮೇಲೆಯೇ ರೈತರು ದುಡ್ಡು ಕೊಟ್ಟು ಗಂಧದ ಸಸಿ ತರಲು ಶುರುಮಾಡಿದ್ದು. ಮಣ್ಣು ಅದೇ, ಮಳೆ ಅದೇ. ಬದಲಾದದ್ದು ಹಕ್ಕು ಮಾತ್ರ.

ಕೊಡಗಿನ ಕಾಫಿ ತೋಟದಲ್ಲಿ ಇದೇ ಪಾಠ ಇನ್ನೊಂದು ರೂಪದಲ್ಲಿದೆ. ಅಲ್ಲಿ ನೆರಳಿಗೆ ಬೀಟೆ, ಮತ್ತಿ, ನಂದಿ, ಹಲಸು ಹೀಗೆ ನಾಡ ಮರಗಳಿದ್ದವು. ಅವನ್ನು ಕಡಿಯಲು ಅನುಮತಿ, ಸಾಗಿಸಲು ಪಾಸು, ಕೆಲವು ಬಗೆಯ ಜಮೀನಿನಲ್ಲಿ ಮರದ ಹಕ್ಕೇ ಸರ್ಕಾರದ್ದು. ಸಿಲ್ವರ್ ಓಕ್‌ಗೆ ಇಷ್ಟೆಲ್ಲ ತೊಡಕಿಲ್ಲ. ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ದುಡ್ಡು ಬೇಕಾದಾಗ ಕಡಿದು ಮಾರಬಹುದು. ಬೆಳೆಗಾರರು ಏನು ಮಾಡುತ್ತಾರೆ ಹೇಳಿ? ನಾಡ ಮರದ ಜಾಗಕ್ಕೆ ಸಿಲ್ವರ್ ಬಂತು. ನಾಡ ಮರ ಉಳಿಯಲಿ ಅಂತ ಮಾಡಿದ ನಿಯಮದಿಂದಲೇ ನಾಡ ಮರ ನೆಡುವುದು ನಿಂತಿತು. ಹಕ್ಕಿ, ಜೇನು, ಮಣ್ಣು ಎಲ್ಲದಕ್ಕೂ ಇದರಿಂದ ನಷ್ಟ. ಇದನ್ನು ಓದಿದಾಗ ನನಗೆ ನಿಜವಾಗಿ ಸಂಕಟವಾಯಿತು. ಸಿಲ್ವರ್ ನೆಟ್ಟವರದ್ದು ತಪ್ಪಲ್ಲ. ಹಲಸು, ನಂದಿ ನೆಟ್ಟವರಿಗೂ ಅದೇ ಸಲೀಸು ಸಿಕ್ಕಿದ್ದರೆ ತೋಟ ಬೇರೆ ಥರ ಇರುತ್ತಿತ್ತು.

ಈಗ ದಿಕ್ಕು ಸ್ವಲ್ಪ ಬದಲಾಗಿದೆ. 2014ರಲ್ಲಿ ರಾಷ್ಟ್ರೀಯ ಕೃಷಿ ಅರಣ್ಯ ನೀತಿ ಬಂತು. 2017ರಲ್ಲಿ ಕಾಡಿನ ಹೊರಗಿನ ಬಿದಿರನ್ನು ಅರಣ್ಯ ಕಾಯ್ದೆಯ 'ಮರ' ಎಂಬ ವ್ಯಾಖ್ಯೆಯಿಂದ ತೆಗೆದರು. 2023ರ ಕೊನೆಯಲ್ಲಿ ದೇಶಕ್ಕೆಲ್ಲ ಒಂದೇ ಆನ್‌ಲೈನ್ ಸಾಗಣೆ ಪಾಸಿನ ವ್ಯವಸ್ಥೆ ಶುರುವಾಯಿತು.

ಕಾಯುವ ಕಾಲ ಕಡಿಮೆ ಮಾಡುವುದು, ಕಾಯುವಾಗ ಊಟ ಕೊಡುವುದು

ಯಮುನಾನಗರದ ಸುತ್ತ ಬೆಳೆಯುವುದು ಪಾಪ್ಲರ್. 6ರಿಂದ 8 ವರ್ಷಕ್ಕೆ ಕಟಾವು. ಚಳಿಗಾಲದಲ್ಲಿ ಎಲೆ ಉದುರುತ್ತದೆ. ಗೋಧಿ ಬೆಳೆಯುವುದೂ ಆಗಲೇ, ಹಾಗಾಗಿ ಗೋಧಿಗೆ ಬಿಸಿಲು ಸಿಗುತ್ತದೆ. ಮೊದಲ ವರ್ಷಗಳಲ್ಲಿ ಕಬ್ಬನ್ನೂ ಬೆಳೆಯುತ್ತಾರೆ. ಅಂದರೆ ಕಾಯುವ ಕಾಲ ಚಿಕ್ಕದು, ಆ ಕಾಲದಲ್ಲಿ ಹೊಲ ಖಾಲಿಯೂ ಇಲ್ಲ. ಆಂಧ್ರ, ತೆಲಂಗಾಣದ ಕಡೆ ಭದ್ರಾಚಲಂ ಕಾಗದ ಕಾರ್ಖಾನೆಯವರು ನೀಲಗಿರಿಯಲ್ಲಿ ಒಳ್ಳೆಯ ತಾಯಿ ಮರ ಆರಿಸಿ ಅದರ ಕಡ್ಡಿಯಿಂದಲೇ ಸಸಿ ಮಾಡಿದರು. ಇದನ್ನು ಕ್ಲೋನ್ ಅನ್ನುತ್ತೇವೆ. ಬೀಜದ ಸಸಿ ಹತ್ತು ಬಗೆ ಬೆಳೆದರೆ ಕ್ಲೋನ್ ಎಲ್ಲ ಒಂದೇ ಸಮ ಬೆಳೆಯುತ್ತದೆ. ಆದರೆ ಒಂದಕ್ಕೆ ರೋಗ ಬಂದರೆ ಎಲ್ಲಕ್ಕೂ ಬರುವ ಭಯ ಇದೆ. ಬಗೆಬಗೆಯ ಕ್ಲೋನ್ ಬೆರೆಸಿ ನೆಡುವುದು ಅದಕ್ಕೇ.

ಬೇಗ ಬೆಳೆಯುವುದೊಂದೇ ಸಾಕು ಅಂತಲೂ ಅಲ್ಲ. ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ನೀಲಗಿರಿ ಹರಡಿದ್ದು ಗೊತ್ತಲ್ವಾ? ಒಣ ನಾಡಿನಲ್ಲಿ ಅಂತರ್ಜಲಕ್ಕೆ ಪೆಟ್ಟು ಬಿತ್ತು ಅಂತ ದೂರು ಬಂದು 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿತು. ಈಗ ಆ ಜಾಗಕ್ಕೆ ಹೆಬ್ಬೇವಿನ ಮಾತು ಜಾಸ್ತಿ. ಪ್ಲೈವುಡ್‌ಗೆ 6ರಿಂದ 8 ವರ್ಷಕ್ಕೆ ಬರುತ್ತದೆ. ಆದರೆ ನೀರು, ಒಳ್ಳೆ ಮಣ್ಣು ಬೇಕು, ಮೊದಲ ವರ್ಷಗಳಲ್ಲಿ ಪಕ್ಕದ ಕೊಂಬೆ ಸವರಬೇಕು. ಸವರದಿದ್ದರೆ ಗಂಟು ಉಳಿದು ಪ್ಲೈವುಡ್‌ಗೆ ಸುಲಿಯುವ ಹಾಳೆ ತೂತಾಗುತ್ತದೆ.

ಬೆಲೆಯ ಏರಿಳಿತ ಇನ್ನೊಂದು ತೊಂದರೆ. 2000ದ ದಶಕದ ಆರಂಭದಲ್ಲಿ ಪಾಪ್ಲರ್ ಜಾಸ್ತಿಯಾಗಿ ಬೆಲೆ ಕುಸಿಯಿತು. ರೈತರು ನೆಡುವುದು ಕಡಿಮೆ ಮಾಡಿದರು. ಕೆಲವು ವರ್ಷದ ಮೇಲೆ ಮರ ಸಾಲದೆ ಬೆಲೆ ಏರಿತು. ಟೊಮೆಟೊದಲ್ಲಿ ಈ ಚಕ್ರ ತಿಂಗಳುಗಳಲ್ಲಿ ತಿರುಗುತ್ತದೆ, ಮರದಲ್ಲಿ ವರ್ಷಗಳು ಬೇಕು. ಕಾರ್ಖಾನೆ ನೆಡುವಾಗಲೇ ಕನಿಷ್ಠ ದರ ಬರೆದುಕೊಟ್ಟರೆ ಈ ಪೆಟ್ಟು ತಗ್ಗುತ್ತದೆ. ನಮ್ಮಲ್ಲಿ 2011–12ರಲ್ಲಿ ಶುರುವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಒಂದು ಒಳ್ಳೆ ಗುಣ ಇದೆ. ದುಡ್ಡು ಕೊಡುವುದು ನೆಟ್ಟ ಗಿಡಕ್ಕಲ್ಲ, ಬದುಕಿದ ಗಿಡಕ್ಕೆ. ಅದೂ ಮೂರು ವರ್ಷ, ಕಂತಿನಲ್ಲಿ. ಕಾಯುವವನಿಗೆ ಕೂಲಿ ಕೊಟ್ಟ ಹಾಗೆ.

ಸುತ್ತಳತೆಯ ಲೆಕ್ಕ

ಇದನ್ನು ಎಲ್ಲರೂ ಕೈಯಾರೆ ಮಾಡಿ ನೋಡಿ. ದಿಮ್ಮಿ ಅಳೆಯುವ ಹಳೇ ಪದ್ಧತಿ: ನಡುವಿನ ಸುತ್ತಳತೆಯನ್ನು 4ರಿಂದ ಭಾಗಿಸಿ, ವರ್ಗ ಮಾಡಿ, ಉದ್ದದಿಂದ ಗುಣಿಸುವುದು. ಸುತ್ತಳತೆ 120 ಸೆಂ.ಮೀ., ಉದ್ದ 3 ಮೀಟರ್ ಇದ್ದರೆ 0.30 × 0.30 × 3 = 0.27 ಘನ ಮೀಟರ್. ಸಿಎಫ್‌ಟಿಯಲ್ಲಿ (ಘನ ಅಡಿ) ಸುಮಾರು 9.5. ನಿಜವಾದ ಗಾತ್ರ ಬೇಕೆಂದರೆ ಸುತ್ತಳತೆಯ ವರ್ಗವನ್ನು 12.57ರಿಂದ ಭಾಗಿಸಿ ಉದ್ದದಿಂದ ಗುಣಿಸಬೇಕು. ಅದು 0.344 ಘನ ಮೀಟರ್, ಸುಮಾರು 12.1 ಸಿಎಫ್‌ಟಿ. ಅಂದರೆ ಹಳೇ ಪದ್ಧತಿ ನಿಜದ ಶೇ 78.5ರಷ್ಟನ್ನೇ ಹಿಡಿಯುತ್ತದೆ. ಗರಗಸಕ್ಕೆ, ಅಂಚಿಗೆ ಹೋಗುವ ನಷ್ಟವನ್ನು ಮೊದಲೇ ಕಳೆದ ಹಾಗೆ. ಇದು ಮೋಸ ಅಲ್ಲ, ವ್ಯಾಪಾರಿ ಮತ್ತು ರೈತ ಇಬ್ಬರಿಗೂ ಗೊತ್ತಿದ್ದರೆ. ರೈತನಿಗೆ ಗೊತ್ತಿಲ್ಲದೆ ಮರವನ್ನು 'ಇಷ್ಟು ಅಂತ ಕೊಟ್ಟುಬಿಡಿ' ಎಂದು ನಿಂತಲ್ಲೇ ಗುತ್ತಿಗೆ ಮಾತಾಡಿದರೆ ಹತ್ತು ವರ್ಷ ಕಾದ ಫಲ ಹತ್ತು ನಿಮಿಷದಲ್ಲಿ ಕೈಬಿಡುತ್ತದೆ. ಊರೂರಲ್ಲಿ ಒಂದು ಟೇಪು, ಒಂದು ದರಪಟ್ಟಿ ಇದ್ದರೆ ಎಷ್ಟೋ ವ್ಯತ್ಯಾಸವಾಗುತ್ತದೆ.

ಸಾಮಿಲ್ಲಿನ ಒಳಗೆ

ಸ್ಪರ್ಧೆ ಅಂದರೆ ಒಂದೇ ದಿಮ್ಮಿಯಿಂದ ಎಷ್ಟು ಮಾಲು ತೆಗೆಯುತ್ತೀರಿ ಅನ್ನುವುದು. ಪ್ಲೈವುಡ್‌ನ ಹಾಳೆ ಸುಲಿಯುವ ಹಳೆಯ ಪೀಲಿಂಗ್ ಯಂತ್ರ ದಿಮ್ಮಿಯನ್ನು ಎರಡೂ ತುದಿಯಲ್ಲಿ ಕಚ್ಚಿ ಹಿಡಿದು ಸುತ್ತಿಸುತ್ತಿತ್ತು, ನಡುವಿನ ದಪ್ಪ ಕಂಬ ಹಾಗೇ ಉಳಿಯುತ್ತಿತ್ತು. ಈಗಿನ ಸ್ಪಿಂಡಲ್‌ಲೆಸ್ ಯಂತ್ರ ಹೊರಗಿನಿಂದ ರೋಲರ್ ಒತ್ತಿ ತಿರುಗಿಸುತ್ತದೆ. ಕೋಲಿನಷ್ಟು ತೆಳುವಾಗುವ ತನಕ ಹಾಳೆ ಬರುತ್ತದೆ. ಸಣ್ಣ ಮರಕ್ಕೂ ಬೆಲೆ ಬಂದದ್ದು ಇದರಿಂದ.

ಒಣಗಿಸುವುದನ್ನು ನಾವು ಸುಮ್ನೆ ಓದಿ ಬಿಡುತ್ತೇವೆ. ಮರದ ತೇವ ಶೇ 28–30ಕ್ಕೆ ಇಳಿಯುವ ತನಕ ಮರ ಕುಗ್ಗುವುದಿಲ್ಲ. ಅಲ್ಲಿಂದ ಕೆಳಗೆ ಕುಗ್ಗಲು ಶುರು. ಮರದ ಉಂಗುರದ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಅಡ್ಡಡ್ಡ ಕುಗ್ಗುವುದಕ್ಕಿಂತ ಸುಮಾರು ಎರಡರಷ್ಟು. ಹಲಗೆ ಸೊಟ್ಟಗಾಗುವುದು, ಸೀಳುವುದು ಇದೇ ಕಾರಣಕ್ಕೆ. ಹಸಿ ಮರದಲ್ಲಿ ಬಾಗಿಲು ಮಾಡಿಸಿ ಬೇಸಿಗೆಯಲ್ಲಿ ಸಂದು ಬಿಟ್ಟದ್ದನ್ನು ಎಲ್ಲರೂ ನೋಡಿರುತ್ತೀರಿ.

ಮರ ಬಾಳಿಕೆ ಬರುವ ಹಾಗೆ ಮಾಡುವುದೂ ಕಾಯುವ ಭಾರ ಇಳಿಸುವ ಉಪಾಯವೇ. ಕೇರಳದ ರಬ್ಬರ್ ಮರ ಇದಕ್ಕೆ ಸಾಕ್ಷಿ. 25–30 ವರ್ಷ ಹಾಲು ಕೊಟ್ಟ ಮೇಲೆ ಅದು ಸೌದೆಗೆ ಹೋಗುತ್ತಿತ್ತು, ಹುಳು, ಬೂಸ್ಟು ಬೇಗ ಹಿಡಿಯುತ್ತಿತ್ತು. ಕಡಿದ ತಕ್ಷಣ ಕೊಯ್ದು ಬೋರಾಕ್ಸ್, ಬೋರಿಕ್ ಆಮ್ಲದ ದ್ರಾವಣ ಒತ್ತಡದಲ್ಲಿ ತುಂಬಿ ಒಣಗಿಸಿದರೆ ಪೀಠೋಪಕರಣಕ್ಕೆ ಒದಗುತ್ತದೆ. ಬೆಳೆಗಾರನಿಗೆ ಕಾಯುವ ಖರ್ಚನ್ನು ಹಾಲೇ ತೀರಿಸಿರುತ್ತದೆ. ನಮ್ಮ ಕರಾವಳಿಯಲ್ಲಿ ದೋಣಿಗೆ, ಪಕಾಸಿಗೆ ಗೇರೆಣ್ಣೆ ಬಳಿಯುತ್ತಿದ್ದವರಿಗೂ ಈ ತತ್ವ ಗೊತ್ತಿತ್ತು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಸಂಸ್ಥೆಯಲ್ಲಿ ಇಂಥ ಸಂರಕ್ಷಣೆಯ ಸಂಶೋಧನೆ ನಡೆಯುತ್ತದೆ.

ಜಾಸ್ತಿ ಮರ ಕಡಿದರೆ ಮಾತ್ರ ಜಾಸ್ತಿ ದುಡ್ಡು ಅಂತಿಲ್ಲ. ಚನ್ನಪಟ್ಟಣದ ಗೊಂಬೆಗೆ ಬೇಕಾಗುವುದು ಆಲೆ ಮರದ ಸಣ್ಣ ತುಂಡು. ಅದಕ್ಕೆ ಅರಗಿನ ಬಣ್ಣ, ಕೈಕೆಲಸ ಸೇರಿದ ಮೇಲೆ ಬರುವ ಬೆಲೆಯನ್ನು ಅಷ್ಟೇ ತೂಕದ ಪೆಟ್ಟಿಗೆ ಮರದ ಜೊತೆ ಹೋಲಿಸಿ ನೋಡಿ.

ವಿಯೆಟ್ನಾಂ ಏನು ಮಾಡಿತು

ವಿಯೆಟ್ನಾಂ ದೊಡ್ಡ ಪೀಠೋಪಕರಣ ರಫ್ತುದಾರ. ಅದಕ್ಕೆ ಆಧಾರ ಸಣ್ಣ ರೈತರ ಅಕೇಶಿಯಾ. ಅಲ್ಲೂ ಇದೇ ತೊಡಕು. 5–6 ವರ್ಷಕ್ಕೆ ಕಡಿದರೆ ಚಿಪ್ಸ್ ಆಗಿ ಕಾಗದಕ್ಕೆ ಹೋಗುತ್ತದೆ, ಬೆಲೆ ಕಡಿಮೆ. ಹತ್ತು ವರ್ಷ ಬಿಟ್ಟರೆ ಹಲಗೆ ಬರುತ್ತದೆ, ಬೆಲೆ ಜಾಸ್ತಿ. ಆದರೆ ಮಗಳ ಮದುವೆ, ಆಸ್ಪತ್ರೆ ಖರ್ಚು ಹತ್ತು ವರ್ಷ ಕಾಯುವುದಿಲ್ಲ, ಚಂಡಮಾರುತವೂ ಕಾಯುವುದಿಲ್ಲ. ಕ್ವಾಂಗ್ ಟ್ರಿ ಪ್ರಾಂತ್ಯದ ರೈತರು ಗುಂಪು ಕಟ್ಟಿಕೊಂಡು, ಕಾಡಿಗೆ ಹಾನಿಯಾಗದ ಹಾಗೆ ಬೆಳೆಸಿದ ಮರ ಅನ್ನುವುದಕ್ಕೆ ಕೊಡುವ ಎಫ್‌ಎಸ್‌ಸಿ ಪ್ರಮಾಣಪತ್ರ ಪಡೆದರು. ಒಬ್ಬೊಬ್ಬರಿಗೆ ಆಗದ ಖರ್ಚು ಗುಂಪಿಗೆ ಹಂಚಿಹೋಯಿತು. ಪ್ರಮಾಣಪತ್ರದ ದಪ್ಪ ಮರಕ್ಕೆ ಹೆಚ್ಚಿನ ದರ ಸಿಕ್ಕಿತು, ಕಾಯುವುದಕ್ಕೆ ಕಾರಣ ಸಿಕ್ಕಿತು. ಅಕ್ರಮವಾಗಿ ತಂದ ಮಾಲಿನ ವ್ಯಾಪಾರ ತಡೆಯುವ ಅಮೆರಿಕದ ಲೇಸಿ ಕಾಯ್ದೆಗೆ 2008ರಲ್ಲಿ ಮರವನ್ನೂ ಸೇರಿಸಿದ ಮೇಲೆ, ಯುರೋಪಿನ ನಿಯಮಗಳೂ ಬಿಗಿಯಾದ ಮೇಲೆ ಮರ ಎಲ್ಲಿಂದ ಬಂತು ಅನ್ನುವ ದಾಖಲೆ ಇಲ್ಲದೆ ಅಲ್ಲಿ ಮಾರುವುದು ಕಷ್ಟ. ಭಾರತವೂ 2023ರಲ್ಲಿ ತನ್ನದೇ ಪ್ರಮಾಣೀಕರಣ ಯೋಜನೆ ಆರಂಭಿಸಿತು. ಎರಡೆಕರೆಯವರು ಒಳಗೆ ಬರಬೇಕಾದರೆ ಗುಂಪಿನ ದಾರಿಯೇ ಗತಿ.

ಅಭ್ಯಾಸಕ್ಕೆ

ಒಂದು ಮರದ ಸುತ್ತಳತೆ ಈಗ 75 ಸೆಂ.ಮೀ. ಇದೆ, ಎರಡು ವರ್ಷಕ್ಕೆ 90 ಆಗುತ್ತದೆ ಅಂತಿಟ್ಟುಕೊಳ್ಳಿ. ಎತ್ತರ ಬದಲಾಗದಿದ್ದರೆ ಗಾತ್ರ 1.44 ಪಟ್ಟು, ಅಂದರೆ ಶೇ 44 ಏರಿಕೆ. ಶೇ 8ರ ಬಡ್ಡಿ ಎರಡು ವರ್ಷಕ್ಕೆ ಶೇ 16.6 ಮಾತ್ರ. ಕಾಯಬೇಕು. ಇನ್ನೊಂದು ಮರ 120ರಿಂದ 126ಕ್ಕೆ ಏರುತ್ತದೆ. ಗಾತ್ರದ ಏರಿಕೆ ಶೇ 10.25. ದರ ಬದಲಾಗದಿದ್ದರೆ ಕಡಿಯುವುದೇ ಲೇಸು. ಈಗ ನೀವು ಮಾಡಬೇಕಾದದ್ದು: 126 ಸೆಂ.ಮೀ.ಗೆ ಸಿಎಫ್‌ಟಿ ದರ ಎಷ್ಟು ಶೇಕಡ ಜಾಸ್ತಿ ಸಿಕ್ಕರೆ ಈ ಎರಡನೇ ಮರವನ್ನೂ ನಿಲ್ಲಿಸಬಹುದು? ನನ್ನ ಲೆಕ್ಕಕ್ಕೆ ಶೇ 5.8 ಬಂತು. ನಿಮ್ಮದಕ್ಕೆ ತಾಳೆ ನೋಡಿ.