ಗೇಟಿನ ಕ್ಯಾಮೆರಾಗೆ ಕರೆಂಟು ಎಲ್ಲಿಂದ ಕೊಡೋದು? ಅಡಾಪ್ಟರ್ ಮತ್ತು ಪಿಒಇ: ಅಧ್ಯಯನ ಟಿಪ್ಪಣಿ

ವಿಜಯನಗರದ ನಮ್ಮ ಮನೆಯ ಗೇಟಿಗೆ ನೆಟ್‌ವರ್ಕ್ ಕ್ಯಾಮೆರಾ ಹಾಕಿಸಿದಾಗ ಹಗಲೆಲ್ಲ ಚಿತ್ರ ಚೆನ್ನಾಗಿ ಬರುತ್ತಿತ್ತು. ಕತ್ತಲಾದ ಮೇಲೆ ಮಾತ್ರ ಎರಡು ಮೂರು ನಿಮಿಷಕ್ಕೊಮ್ಮೆ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಕ್ಯಾಮೆರಾನೇ ಕೆಟ್ಟಿದೆ ಅಂದುಕೊಂಡು ಬದಲಾಯಿಸಿದೆವು. ಹೊಸದೂ ಹಾಗೇ ಮಾಡಿತು. ತೊಂದರೆ ಇದ್ದದ್ದು ವೈರಿನಲ್ಲಿ. ಇದೊಂದು ಅರ್ಥವಾದರೆ ಉಳಿದದ್ದು ಸುಲಭ, ಹಾಗಾಗಿ ಇಲ್ಲಿಂದಲೇ ಶುರು ಮಾಡುತ್ತೇನೆ.

ಕತ್ತಲಾದ ಕೂಡಲೇ ಕ್ಯಾಮೆರಾದ ಇನ್‌ಫ್ರಾರೆಡ್ ಎಲ್‌ಇಡಿಗಳು ಹೊತ್ತಿಕೊಳ್ಳುತ್ತವೆ. ಹಗಲಲ್ಲಿ 3 ವಾಟ್ ಸಾಕಾಗುತ್ತಿದ್ದ ನಮ್ಮ ಕ್ಯಾಮೆರಾಗೆ ರಾತ್ರಿ 7 ವಾಟ್ ಬೇಕು. 12 ವೋಲ್ಟಿನಲ್ಲಿ ಅದು ಸುಮಾರು 0.58 ಆಂಪ್. ಅಡಾಪ್ಟರ್ ಇದ್ದದ್ದು ಹಾಲ್‌ನಲ್ಲಿ, ಅಲ್ಲಿಂದ ಗೇಟಿಗೆ 20 ಮೀಟರ್ ಸಣ್ಣ ವೈರು. ಕರೆಂಟು ಹೋಗಿ ವಾಪಸ್ ಬರಬೇಕಲ್ವಾ, ಲೆಕ್ಕಕ್ಕೆ 40 ಮೀಟರ್. 0.2 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಅಷ್ಟು ಉದ್ದಕ್ಕೆ ಸುಮಾರು 3.5 ಓಮ್ ರೋಧ, ಅಂದರೆ ಕರೆಂಟಿಗೆ ವೈರು ಒಡ್ಡುವ ತಡೆ. 0.58 ಅನ್ನು 3.5ರಿಂದ ಗುಣಿಸಿದರೆ 2 ವೋಲ್ಟ್ ದಾರಿಯಲ್ಲೇ ಹೋಯಿತು. ಅಷ್ಟಕ್ಕೇ ನಿಲ್ಲುವುದಿಲ್ಲ. ವೋಲ್ಟೇಜ್ ಕಮ್ಮಿಯಾದಾಗ ಅದೇ 7 ವಾಟ್‌ಗಾಗಿ ಕ್ಯಾಮೆರಾ ಜಾಸ್ತಿ ಆಂಪ್ ಎಳೆಯುತ್ತದೆ, ಆಗ ವೋಲ್ಟೇಜ್ ಇನ್ನೂ ಇಳಿಯುತ್ತದೆ. ಗೇಟಿನ ಹತ್ತಿರ ಮಲ್ಟಿಮೀಟರ್ ಹಿಡಿದು ನೋಡಿದೆ: ಹಗಲು 11, ರಾತ್ರಿ 9.4. ಕ್ಯಾಮೆರಾ ಸುಸ್ತಾಗಿ ಆಫ್ ಆಗುತ್ತಿತ್ತು, ಎಲ್‌ಇಡಿ ಆರಿದಾಗ ವೋಲ್ಟೇಜ್ ಏರಿ ಮತ್ತೆ ಎದ್ದುಕೊಳ್ಳುತ್ತಿತ್ತು.

1 ಚದರ ಮಿಲಿಮೀಟರ್ ವೈರು ಎಳೆದಿದ್ದರೂ ಸರಿಹೋಗುತ್ತಿತ್ತು. ಅಡಾಪ್ಟರನ್ನೇ ಗೇಟಿನ ಹತ್ತಿರ ಇಡಬಹುದು, ಆದರೆ ಮಳೆ ಬೀಳುವ ಕಡೆ 230 ವೋಲ್ಟ್ ಪಾಯಿಂಟ್ ಇಡಲು ನನಗೆ ಧೈರ್ಯವಿಲ್ಲ.

ಪಿಒಇ, ಅಂದರೆ ಪವರ್ ಓವರ್ ಈಥರ್ನೆಟ್, ಈ ಕಷ್ಟವನ್ನು ಬೇರೆ ದಾರಿಯಲ್ಲಿ ಬಿಡಿಸುತ್ತದೆ. ಚಿತ್ರ ಬರುವ ನೆಟ್‌ವರ್ಕ್ ಕೇಬಲಿನಲ್ಲೇ ಸುಮಾರು 48 ವೋಲ್ಟ್ ಕಳಿಸುತ್ತದೆ. ವೋಲ್ಟೇಜ್ ನಾಲ್ಕು ಪಟ್ಟಾದರೆ ಆಂಪ್ ಕಾಲು ಭಾಗ ಸಾಕು. ವೈರಿನಲ್ಲಿ ಪೋಲಾಗುವುದು ಆಂಪ್‌ನ ವರ್ಗಕ್ಕೆ ತಕ್ಕಂತೆ, ಹಾಗಾಗಿ ಅದೇ ರೋಧದಲ್ಲಿ ನಷ್ಟ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 2003ರ 802.3 ಎಎಫ್ ಎಂಬ ಪಿಒಇ ನಿಯಮದಲ್ಲಿ ಸ್ವಿಚ್ (ಗೋಡೆಯದ್ದಲ್ಲ, ನೆಟ್‌ವರ್ಕ್ ಕೇಬಲುಗಳೆಲ್ಲ ಬಂದು ಸೇರುವ ಡಬ್ಬಿ) ಒಂದು ಪೋರ್ಟಿಗೆ 15.4 ವಾಟ್ ಕೊಡುತ್ತದೆ, 100 ಮೀಟರ್ ಆಚೆ 12.95 ವಾಟ್ ಸಿಕ್ಕೇ ಸಿಗುತ್ತದೆ. ತಿರುಗುವ ದೊಡ್ಡ ಕ್ಯಾಮೆರಾ ಆದರೆ 2009ರ 802.3 ಎಟಿ ನೋಡಿ, ಅದು 30 ವಾಟ್.

ನನಗೆ ತುಂಬಾ ಇಷ್ಟವಾದ ಭಾಗ ಇದು: ಸ್ವಿಚ್ ಸುಮ್ನೆ 48 ವೋಲ್ಟ್ ಬಿಡುವುದಿಲ್ಲ. ಮೊದಲು ಸಣ್ಣ ವೋಲ್ಟೇಜ್ ಕಳಿಸಿ, ಆ ಕಡೆ ಸುಮಾರು 25 ಕಿಲೋ ಓಮ್ ರೋಧ ಇದೆಯಾ ಅಂತ ನೋಡುತ್ತದೆ. ಇದ್ದರೆ ಮಾತ್ರ ಪೂರ್ತಿ ಕರೆಂಟು. ಅದೇ ಪೋರ್ಟಿಗೆ ಲ್ಯಾಪ್‌ಟಾಪ್ ಚುಚ್ಚಿದರೂ ಏನೂ ಆಗುವುದಿಲ್ಲ. ‘ಪ್ಯಾಸಿವ್ ಪಿಒಇ’ಯಲ್ಲಿ ಈ ವಿಚಾರಣೆ ಇಲ್ಲ, ನೇರವಾಗಿ ಕರೆಂಟು ಬಿಡುತ್ತದೆ. ಹೊಂದದ ಸಾಧನ ಸುಟ್ಟುಹೋಗಬಹುದು, ಹುಷಾರು.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಕೇಬಲ್ ತರಲು ಹೋದರೆ ಪೂರ್ತಿ ತಾಮ್ರದ್ದೇ ಬೇಕು ಅಂತ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಕೇಬಲ್ ಅಗ್ಗ, ಆದರೆ ರೋಧ ಜಾಸ್ತಿ. ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೂ ಕೆಂಪಗಿದ್ದರೆ ತಾಮ್ರ, ಬೆಳ್ಳಗಿದ್ದರೆ ಬೇಡ.

ವೈಫೈ ಕ್ಯಾಮೆರಾಗೆ ಡೇಟಾ ವೈರು ಬೇಡ, ಕರೆಂಟು ಬೇಕೇ ಬೇಕು. ಬ್ಯಾಟರಿಯದ್ದು ಬಾಡಿಗೆ ಮನೆಗೆ ಪರವಾಗಿಲ್ಲ, ಆದರೆ ಸಾಮಾನ್ಯವಾಗಿ ಅಲುಗಾಟ ಕಂಡಾಗ ಮಾತ್ರ ರೆಕಾರ್ಡ್ ಮಾಡುತ್ತದೆ.

ಇನ್ನು ಕರೆಂಟು ಹೋದಾಗಿನ ಮಾತು. ಮನೆಯಲ್ಲಿ ಇನ್ವರ್ಟರ್ ಇದ್ದರೂ ಗೇಟಿನ ಲೈಟು ಪಾಯಿಂಟು ಎಷ್ಟೋ ಕಡೆ ಅದರ ಲೈನಿನಲ್ಲಿ ಇರುವುದಿಲ್ಲ. ಅಲ್ಲಿಗೆ ಅಡಾಪ್ಟರ್ ಚುಚ್ಚಿದರೆ ಬೀದಿಯೆಲ್ಲ ಕತ್ತಲಾದ ಹೊತ್ತಿಗೇ ಕ್ಯಾಮೆರಾನೂ ಆಫ್. ಪಿಒಇಯಲ್ಲಿ ಕರೆಂಟು ಹೊರಡುವುದು ಒಂದೇ ಜಾಗದಿಂದ, ಒಳಗಿನ ಸ್ವಿಚ್‌ನಿಂದ. ನಮ್ಮ ಎರಡು ಕ್ಯಾಮೆರಾಗೆ 14 ವಾಟ್, ಸ್ವಿಚ್ಚಿಗೆ 5, ಫೈಬರ್ ಡಬ್ಬಿ ಮತ್ತು ರೌಟರಿಗೆ 15, ರೆಕಾರ್ಡರಿಗೆ 15. ಒಟ್ಟು 49 ವಾಟ್, ಹಳೇ ಸೀಲಿಂಗ್ ಫ್ಯಾನ್ ಒಂದಕ್ಕಿಂತ ಕಮ್ಮಿ. ಟಿವಿ ಹಿಂದಿನ ಇನ್ವರ್ಟರ್ ಪಾಯಿಂಟಿಗೆ ಎಲ್ಲವನ್ನೂ ಹಾಕಿದ್ದೇವೆ, ಈಗ ಕರೆಂಟು ಹೋದರೂ ಗೇಟು ಕಾಣುತ್ತದೆ.