ಬಲ್ಬಿನ ರೋಧ 529 ಓಮೋ, 40 ಓಮೋ?

ಪ್ರಶ್ನೆ: 230 ವೋಲ್ಟ್, 100 ವ್ಯಾಟ್ ಎಂದು ನಮೂದಾಗಿರುವ ಫಿಲಮೆಂಟ್ ಬಲ್ಬಿನ ರೋಧವನ್ನು ಲೆಕ್ಕ ಹಾಕಿದರೆ 529 ಓಮ್ ಬರುತ್ತದೆ. ಅದೇ ಬಲ್ಬನ್ನು ಹೋಲ್ಡರಿನಿಂದ ತೆಗೆದು ಮಲ್ಟಿಮೀಟರಿನಲ್ಲಿ ಅಳೆದರೆ ಸುಮಾರು 40 ಓಮ್ ತೋರಿಸುತ್ತದೆ. ಸೂತ್ರ ತಪ್ಪೋ, ಮೀಟರ್ ಕೆಟ್ಟಿದೆಯೋ?

ಎರಡೂ ಸರಿಯಾಗಿಯೇ ಇವೆ. 529 ಓಮ್ ಉರಿಯುತ್ತಿರುವ ಬಲ್ಬಿನ ರೋಧ; 40 ಓಮ್ ತಣ್ಣಗಿರುವ ಬಲ್ಬಿನದು.

ಮೊದಲು ಲೆಕ್ಕ ನೋಡೋಣ. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ವ್ಯಾಟ್, ಭಾಗಿಸಿದರೆ ಓಮ್. ಬಲ್ಬಿನ ಮೇಲಿರುವ ಅಂಕಿಗಳಿಂದ ಕರೆಂಟ್ 100 ÷ 230, ಅಂದರೆ 0.435 ಆಂಪಿಯರ್. 230ನ್ನು ಇದರಿಂದ ಭಾಗಿಸಿದರೆ 529ರ ಹತ್ತಿರ ಬರುತ್ತದೆ. ಕರೆಂಟನ್ನು ನಡುವೆ ತರದೆ 230 × 230 ÷ 100 ಎಂದು ನೇರವಾಗಿ ಮಾಡಿದರೂ ಅಷ್ಟೇ.

ಆದರೆ ಆ 100 ವ್ಯಾಟ್ ಬಲ್ಬು ಪೂರ್ತಿ ಉರಿಯುವಾಗಿನ ಮಾತು. ಆಗ ಟಂಗ್‌ಸ್ಟನ್ ತಂತಿಯ ತಾಪ ಸುಮಾರು 2500 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಲೋಹ ಬಿಸಿಯಾದಂತೆ ರೋಧ ಏರುತ್ತದೆ. ಇಷ್ಟು ತಾಪಕ್ಕೆ ಟಂಗ್‌ಸ್ಟನ್ನಿನ ರೋಧ ತಣ್ಣಗಿದ್ದಾಗಿನ ಹನ್ನೆರಡು ಪಟ್ಟನ್ನೂ ಮೀರುತ್ತದೆ. ಮಲ್ಟಿಮೀಟರ್ ಹರಿಸುವ ಅತಿ ಸಣ್ಣ ಕರೆಂಟಿಗೆ ತಂತಿ ಬೆಚ್ಚಗೂ ಆಗುವುದಿಲ್ಲ. ಆ 40 ಓಮನ್ನೇ ನಂಬಿ ಪವರ್ ಲೆಕ್ಕ ಹಾಕಿದರೆ 1322 ವ್ಯಾಟ್ ಬಂದು ಕೂರುತ್ತದೆ! ಅದು ಪೂರ್ತಿ ಸುಳ್ಳೂ ಅಲ್ಲ. ಸ್ವಿಚ್ ಹಾಕಿದ ಕ್ಷಣ ಐದಾರು ಆಂಪಿಯರ್ ನುಗ್ಗಿ, ತಂತಿ ಕಾಯುತ್ತಿದ್ದಂತೆ ಇಳಿದುಬಿಡುತ್ತದೆ. ಹಳೆಯ ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದಾಗಲೇ ಹೋಗುವುದಕ್ಕೆ ಇದೂ ಒಂದು ಕಾರಣ. ಹೀಟರಿನ ನೈಕ್ರೋಮ್ ತಂತಿಯಲ್ಲಿ ಈ ತೊಂದರೆ ಇಲ್ಲ, ಅದರ ರೋಧ ಬಿಸಿಗೆ ಕೆಲವೇ ಶೇಕಡಾ ಬದಲಾಗುತ್ತದೆ.

ಆದ್ದರಿಂದ ರೋಧ ಬೇಕಿದ್ದರೆ ವಸ್ತು ಕೆಲಸ ಮಾಡುತ್ತಿರುವಾಗಲೇ, ಅದರ ಎರಡು ತುದಿಗಳ ನಡುವಿನ ವೋಲ್ಟೇಜನ್ನೂ ಅದರೊಳಗೆ ಹರಿಯುವ ಕರೆಂಟನ್ನೂ ಒಟ್ಟಿಗೆ ಅಳೆಯಬೇಕು. ಮೇನ್ಸ್ ವಿದ್ಯುತ್ತಿನಲ್ಲಿ ಇದನ್ನು ಮಾಡಲು ಹೋಗಬೇಡಿ. 12 ವೋಲ್ಟ್ ಬ್ಯಾಟರಿ, 21 ವ್ಯಾಟಿನ ವಾಹನದ ಬಲ್ಬು, ಒಂದು 3 ಆಂಪಿಯರ್ ಫ್ಯೂಸು, ಎರಡು ಮೀಟರುಗಳು ಸಾಕು. ಬ್ಯಾಟರಿಯ ಪ್ಲಸ್‌ನಿಂದ ಫ್ಯೂಸು, ಅಲ್ಲಿಂದ 10 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿದ ಮೀಟರು, ಆಮೇಲೆ ಬಲ್ಬು, ಕೊನೆಗೆ ಮೈನಸ್: ಎಲ್ಲವೂ ಒಂದೇ ಸಾಲಿನಲ್ಲಿ. ಇನ್ನೊಂದು ಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ, ಅದರ ಕಡ್ಡಿಗಳನ್ನು ಬಲ್ಬಿನ ಎರಡು ತುದಿಗಳಿಗೇ ಮುಟ್ಟಿಸಿ.

11.6 ವೋಲ್ಟ್, 1.72 ಆಂಪಿಯರ್ ಬಂತು ಎಂದುಕೊಳ್ಳಿ. ರೋಧ 6.74 ಓಮ್, ಪವರ್ 19.95 ವ್ಯಾಟ್. ವೋಲ್ಟೇಜನ್ನು ಬಲ್ಬಿನ ಬದಲು ಬ್ಯಾಟರಿಯ ಮೇಲೆ ಅಳೆದು 12.3 ಎಂದು ಬರೆದುಕೊಂಡಿದ್ದರೆ? ರೋಧ 7.15 ಓಮ್, ಪವರ್ 21.16 ವ್ಯಾಟ್ ಆಗುತ್ತಿತ್ತು. ಆ ಹೆಚ್ಚುವರಿ 1.2 ವ್ಯಾಟ್ ಬಲ್ಬಿಗೆ ಸೇರಿದ್ದಲ್ಲ, ವಯರು, ಫ್ಯೂಸು, ಆಂಪಿಯರ್ ಮೀಟರುಗಳಲ್ಲಿ ಬಿಸಿಯಾಗಿ ಹೋದದ್ದು. ಇದೇ ಬಲ್ಬನ್ನು ತಣ್ಣಗಿರುವಾಗ ಓಮ್ ಮಾಪನದಲ್ಲಿ ನೋಡಿದರೆ ಅರ್ಧ ಓಮಿನ ಆಸುಪಾಸು ಸಿಗುತ್ತದೆ, ಅದರಲ್ಲೂ ಮೀಟರಿನ ವಯರುಗಳದೇ 0.2 ಓಮ್ ಸೇರಿರಬಹುದು. ಕಡ್ಡಿಗಳೆರಡನ್ನೂ ಒಂದಕ್ಕೊಂದು ಮುಟ್ಟಿಸಿ ಬಂದ ಅಂಕಿಯನ್ನು ಕಳೆಯಿರಿ.

ಕೆಲಸ ಮುಗಿದ ಕೂಡಲೇ ಕೆಂಪು ವಯರನ್ನು 10 ಆಂಪಿಯರ್ ಸಾಕೆಟ್ಟಿನಿಂದ ತೆಗೆದು ವೋಲ್ಟಿನ ಸಾಕೆಟ್ಟಿಗೆ ಹಾಕಿ. ಮರೆತು ಅದರಲ್ಲೇ ವೋಲ್ಟೇಜ್ ಅಳೆಯಹೊರಟರೆ ಮೀಟರೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಫ್ಯೂಸು ಹಾರಿದರೆ ಪುಣ್ಯ. ಕೆಲವು ಅಗ್ಗದ ಮೀಟರುಗಳಲ್ಲಿ ಆ ಸಾಕೆಟ್ಟಿಗೆ ಫ್ಯೂಸೇ ಇರುವುದಿಲ್ಲ.

ಲೆಕ್ಕದಲ್ಲಿ ಎಡವುವ ಜಾಗ ಮಿಲಿಆಂಪಿಯರ್. 5 ವೋಲ್ಟ್, 20 ಮಿಲಿಆಂಪಿಯರ್ ಇದ್ದರೆ ರೋಧ 5 ÷ 0.02, ಅಂದರೆ 250 ಓಮ್. 5 ÷ 20 ಮಾಡಿದವರಿಗೆ ಕಾಲು ಓಮ್ ಸಿಗುತ್ತದೆ. ಇನ್ನೊಂದು: ವೋಲ್ಟೇಜ್ ಕುಸಿದಾಗಲೂ ಹೀಟರಿನ ಕರೆಂಟ್ ಹಳೆಯದೇ ಇರುತ್ತದೆ ಎಂದುಕೊಳ್ಳುವುದು. 230 ವೋಲ್ಟಿನ 1000 ವ್ಯಾಟ್ ಹೀಟರಿಗೆ 200 ವೋಲ್ಟ್ ಮಾತ್ರ ಸಿಕ್ಕರೆ ಕರೆಂಟೂ ಇಳಿಯುತ್ತದೆ. ಪವರ್ 870 ಅಲ್ಲ, 756 ವ್ಯಾಟ್.

ಫ್ಯಾನು, ಪಂಪುಗಳಂಥ ಎಸಿ ಮೋಟಾರುಗಳಿಗೆ ಈ ಸರಳ ಲೆಕ್ಕ ನಡೆಯುವುದಿಲ್ಲ. 230 ವೋಲ್ಟಿನಲ್ಲಿ 0.4 ಆಂಪಿಯರ್ ಎಳೆಯುವ ಮೋಟಾರಿನ ಗುಣಲಬ್ಧ 92. ಅದು ವೋಲ್ಟ್-ಆಂಪಿಯರ್, ವ್ಯಾಟ್ ಅಲ್ಲ. ಪವರ್ ಫ್ಯಾಕ್ಟರ್, ಅಂದರೆ ಆ ಗುಣಲಬ್ಧದಲ್ಲಿ ನಿಜವಾದ ಪವರ್ ಆಗುವ ಪಾಲು, 0.6 ಇದ್ದರೆ ನಿಜವಾದ ಪವರ್ ಸುಮಾರು 55 ವ್ಯಾಟ್. ಅಲ್ಲಿ ಭಾಗಾಕಾರದಿಂದ ಬರುವ 575 ಓಮ್ ಕೂಡ ತಂತಿಸುರುಳಿಯ ರೋಧವಲ್ಲ, ಇಂಪೀಡೆನ್ಸ್, ಅಂದರೆ ಎಸಿ ಕರೆಂಟಿಗೆ ಮೋಟಾರು ಒಡ್ಡುವ ಒಟ್ಟು ತಡೆ.